ನೀರು ಬರುವ ಮೊದಲು ನೀರು ಹೋಗುವ ದಾರಿ

ನಗರದ ಅಂಚಿನಲ್ಲಿ ತಗಡಿನ ಮನೆಗಳು ಎದ್ದಿರುವ ಜಾಗವನ್ನು ಗಮನವಿಟ್ಟು ನೋಡಿದರೆ ಅದು ಬೇರೆ ಯಾರಿಗೂ ಬೇಡವಾಗಿದ್ದ ನೆಲ ಅನ್ನುವುದು ಗೊತ್ತಾಗುತ್ತದೆ. ದೊಡ್ಡ ಮೋರಿಯ ದಂಡೆ, ಕೆರೆಯಂಚಿನ ತಗ್ಗು, ಕೆಲಸ ನಿಂತ ಕಲ್ಲುಕ್ವಾರಿ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ಕಸ ಸುರಿದು ಮಟ್ಟ ಮಾಡಿದ ಹಳ್ಳ, ಮಳೆಗೆ ಜಾರುವ ಗುಡ್ಡದ ಮಗ್ಗುಲು. ದುಡಿಮೆ ಸಿಗುವ ಕಡೆಗೆ ದಿನವೂ ಹೋಗಿಬರುವಷ್ಟು ಹತ್ತಿರವಿರಬೇಕು, ಎಬ್ಬಿಸಿ ಕಳಿಸಲು ಯಾರೂ ಕೂಡಲೇ ಬರಬಾರದು. ಈ ಎರಡೂ ಕೂಡಿಬರುವುದು ಇಂಥ ನೆಲದಲ್ಲಿ. ಹಾಗಾಗಿ ಅಲ್ಲಿನ ತೊಂದರೆಗಳಲ್ಲಿ ಎಷ್ಟೋ ಪಾಲು ಗೋಡೆ ಏಳುವ ಮೊದಲೇ ಬಂದು ಕೂತಿರುತ್ತವೆ.

ಸುಧಾರಣೆ ಎಂದ ಕೂಡಲೇ ಎಲ್ಲರ ಕಣ್ಣು ಮನೆಯ ಮೇಲೆ ಹೋಗುತ್ತದೆ. ತಗಡು ಕಿತ್ತು ಕಾಂಕ್ರೀಟ್ ಹಾಕಬೇಕು, ಇಲ್ಲವೇ ಎಲ್ಲರನ್ನೂ ಎತ್ತಿ ಬಹುಮಹಡಿ ಕಟ್ಟಡಕ್ಕೆ ಸಾಗಿಸಬೇಕು ಎಂಬ ಮಾತು ಬರುತ್ತದೆ. ಮನೆಗಿಂತ ಮೊದಲು ಓಣಿ ಸರಿಯಾಗಬೇಕು, ಓಣಿಯಲ್ಲೂ ಎಲ್ಲಕ್ಕಿಂತ ಮೊದಲು ನೀರು ಹೊರಹೋಗುವ ದಾರಿ ಆಗಬೇಕು ಅನ್ನುವುದು ಇಲ್ಲಿ ಹೇಳಹೊರಟಿರುವ ಮಾತು. ಈ ಕ್ರಮ ತಪ್ಪಿದಲ್ಲಿ ಒಳ್ಳೆಯ ಉದ್ದೇಶದ ದುಡ್ಡೂ ಕೆಸರಿಗೆ ಹೋಗಿದೆ.

ವಿಶ್ವಸಂಸ್ಥೆಯ ವಸತಿ ಸಂಸ್ಥೆಯಾದ ಯುಎನ್-ಹ್ಯಾಬಿಟಾಟ್ ಕೊಳೆಗೇರಿಯ ಮನೆಯನ್ನು ಐದು ಕೊರತೆಗಳಿಂದ ಗುರುತಿಸುತ್ತದೆ. ಶುದ್ಧ ನೀರು ಇಲ್ಲದಿರುವುದು, ಸರಿಯಾದ ಶೌಚಾಲಯ ಇಲ್ಲದಿರುವುದು, ಒಂದು ಕೋಣೆಯಲ್ಲಿ 3ಕ್ಕಿಂತ ಹೆಚ್ಚು ಜನ ಇರುವುದು, ಗಟ್ಟಿಮುಟ್ಟಾದ ಕಟ್ಟಡ ಇಲ್ಲದಿರುವುದು, ಎಬ್ಬಿಸಲಾರರು ಎಂಬ ಭರವಸೆ ಇಲ್ಲದಿರುವುದು. ಇವುಗಳಲ್ಲಿ ಒಂದಿದ್ದರೂ ಸಾಕು. ಈ ಲೆಕ್ಕದಲ್ಲಿ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನ ಬರುತ್ತಾರೆ. ಪಟ್ಟಿ ಉಪಯುಕ್ತವೇ. ಆದರೆ ಮೋರಿಗೆ ಅದರಲ್ಲಿ ಬೇರೆಯಾಗಿ ಜಾಗವಿಲ್ಲ. ಸರ್ವೆ ನಮೂನೆಯಲ್ಲಿ ಕೇಳದೇ ಇದ್ದದ್ದು ಆಮೇಲೆ ಅಂದಾಜುಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಮೊದಲು ನೀರಿನ ಲೆಕ್ಕ. ಒಬ್ಬರಿಗೆ ದಿನಕ್ಕೆ ಕನಿಷ್ಠ 20 ಲೀಟರ್ ಎಂದು ಹಿಡಿದರೆ 5 ಜನರ ಮನೆಗೆ 100 ಲೀಟರ್, ಅಂದರೆ 100 ಕಿಲೋ ತೂಕ, 20 ಲೀಟರಿನ 5 ಕ್ಯಾನು. ಇದನ್ನು ಹೊರುವವರು ಬಹುಪಾಲು ಹೆಂಗಸರು ಮತ್ತು ಮಕ್ಕಳು. ಹೋಗಿ, ಸಾಲಲ್ಲಿ ನಿಂತು, ಬರಲು 30 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮನೆಯವರು ತಮಗೇ ಗೊತ್ತಿಲ್ಲದಂತೆ ನೀರು ಕಡಿಮೆ ಮಾಡುತ್ತಾರೆ. ಆ ಕಡಿತ ಕುಡಿಯುವ ನೀರಿನಲ್ಲಿ ಆಗುವುದಿಲ್ಲ. ಕೈ ತೊಳೆಯುವುದರಲ್ಲಿ, ಮಗುವಿನ ಬಟ್ಟೆ ಒಗೆಯುವುದರಲ್ಲಿ, ಪಾಯಖಾನೆಗೆ ಸುರಿಯುವುದರಲ್ಲಿ ಆಗುತ್ತದೆ. ಕುಡಿಯುವ ನೀರು ಶುದ್ಧವಾಗಿದ್ದರೂ ಮಕ್ಕಳಿಗೆ ಭೇದಿ ನಿಲ್ಲದಿರಲು ಇದು ದೊಡ್ಡ ಕಾರಣ. ಹಾಗಾಗಿ ನೀರು ಹತ್ತಿರ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಬಂದ ನೀರಿನಲ್ಲಿ ಹತ್ತಕ್ಕೆ ಎಂಟು ಪಾಲು ಮತ್ತೆ ಮನೆಯ ಹೊರಗೆ ಬರುತ್ತದೆ. 40 ಮನೆಗಳ ಓಣಿಯಲ್ಲಿ ಹೊತ್ತು ತಂದ ನೀರಿದ್ದಾಗ ದಿನಕ್ಕೆ ಸುಮಾರು 3,200 ಲೀಟರ್ ಬಚ್ಚಲು ನೀರು. ಮನೆಮನೆಗೆ ನಲ್ಲಿ ಬಂದು ಬಳಕೆ ತಲೆಗೆ 50 ಲೀಟರಿಗೆ ಏರಿದರೆ ಅದು 8,000 ಲೀಟರ್. ಇಳಿಜಾರಿಲ್ಲದ, ಮೋರಿಯಿಲ್ಲದ ಮಣ್ಣಿನ ಓಣಿಗೆ ದಿನವೂ 8,000 ಲೀಟರ್ ಸುರಿದರೆ ಒಂದೆರಡು ತಿಂಗಳಲ್ಲಿ ಅದು ಕೆಸರಿನ ಹೊಂಡ. ಪಾಯಖಾನೆ ಗುಂಡಿಯ ಸುತ್ತಲಿನ ಮಣ್ಣು ನೆನೆದು ನೀರು ಹೀರುವುದನ್ನು ನಿಲ್ಲಿಸುತ್ತದೆ, ತಗ್ಗಿನ ಮನೆಗಳ ಗೋಡೆ ಬುಡದಿಂದ ಒದ್ದೆಯಾಗುತ್ತದೆ. ನಲ್ಲಿಯ ಉದ್ಘಾಟನೆಗೆ ಬಂದವರು ಆಗ ಅಲ್ಲಿ ಇರುವುದಿಲ್ಲ.

ಮೋರಿಯಿಲ್ಲದ ಓಣಿಯಲ್ಲಿ ನಲ್ಲಿಯ ನೀರೂ ಶುದ್ಧವಾಗಿ ಉಳಿಯುವುದಿಲ್ಲ. ದೂರದ ಮುಖ್ಯ ಕೊಳವೆಯಿಂದ ಎಳೆದ ಪ್ಲಾಸ್ಟಿಕ್ ಪೈಪುಗಳು ಹೆಚ್ಚಾಗಿ ಹರಿಯುವ ಕೊಳಚೆಯ ಒಳಗೇ ಮಲಗಿರುತ್ತವೆ, ಏಕೆಂದರೆ ಯಾರ ಮನೆಯ ಮುಂದೂ ಅಗೆಯದೆ ಪೈಪು ಹಾಯಿಸಲು ಇರುವ ಒಂದೇ ಜಾಗ ಅದು. ಜಾಯಿಂಟುಗಳನ್ನು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಕಟ್ಟಿರುತ್ತಾರೆ. ನೀರು ಬರುವಾಗ ಒತ್ತಡ ಒಳಗಿನಿಂದ ಹೊರಕ್ಕೆ ಇರುವುದರಿಂದ ಆ ಜಾಯಿಂಟು ಬರೀ ಸೋರುತ್ತದೆ. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿದು, ಅದೇ ಸೀಳಿನಿಂದ ಕೊಳಚೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಲ್ಲಿಗೆ ನೇರ ಪಂಪು ಜೋಡಿಸಿ ಎಳೆದರಂತೂ ಈ ಹೀರುವಿಕೆ ಇನ್ನೂ ಹೆಚ್ಚು. ಸರದಿ ಶುರುವಾದಾಗ ಮೊದಲು ಬರುವ ಮಬ್ಬು ನೀರನ್ನು ಪಾಯಖಾನೆಗೆ ಬಿಟ್ಟು, ತಿಳಿಯಾದ ಮೇಲೆ ಕುಡಿಯುವ ಕ್ಯಾನು ತುಂಬಿಸಬೇಕು ಅನ್ನುವುದು ಇದಕ್ಕೇ.

ಶೇಖರಣೆಯ ಡ್ರಮ್ಮಿನ ಬಗ್ಗೆ ಎರಡು ಮಾತು. ಕುಡಿಯುವ ನೀರಿಗೆ ಬಾಯಿ ಕಿರಿದಾದ, ಮುಚ್ಚಳವಿರುವ ಕ್ಯಾನು ಬೇರೆಯೇ ಇರಬೇಕು. ಅದಕ್ಕೆ ಚೊಂಬು ಅದ್ದದೆ ಬಗ್ಗಿಸಿ ಸುರಿದುಕೊಳ್ಳಬೇಕು. ವಾಸನೆ, ಬಣ್ಣ ಬೆರೆಸದ ಶೇ 5ರಿಂದ 6ರ ದ್ರವ ಬ್ಲೀಚ್ ಆದರೆ ಲೀಟರಿಗೆ 2 ಹನಿ, ನೀರು ಕದಡಿದ್ದರೆ ಬಟ್ಟೆಯಲ್ಲಿ ಸೋಸಿ 4 ಹನಿ ಹಾಕಿ 30 ನಿಮಿಷ ಬಿಡಬೇಕು. ತಗಡಿನ ಮಾಡಿನ ಕೆಳಗಿನ ಬಿಸಿಯಲ್ಲಿ ಬ್ಲೀಚ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟ ಬಾಟಲಿಯ ಹನಿ ಲೆಕ್ಕ ನಂಬುವಂತಿಲ್ಲ. ಇನ್ನು ದೊಡ್ಡ ಡ್ರಮ್ಮು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ನೀರಿನ ಅಂಚಿನ ಸ್ವಲ್ಪ ಮೇಲೆ ಡ್ರಮ್ಮಿನ ಗೋಡೆಗೆ ಅಂಟಿಸುತ್ತದೆ. ಅವು ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ, ನೀರು ಸೋಕಿದಾಗ ಒಡೆಯುತ್ತವೆ. ಅದಕ್ಕೇ ಡ್ರಮ್ಮು ಖಾಲಿ ಮಾಡಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ, ತೊಳೆದ ನೀರನ್ನು ಒಣ ಮಣ್ಣಿಗೆ ಚೆಲ್ಲಬೇಕು.

ಪಾಯಖಾನೆಗೆ ಬರೋಣ. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ದುಂಡನೆಯ ಗುಂಡಿಯಲ್ಲಿ ಮೇಲಿನ ಅರ್ಧ ಮೀಟರ್ ಬಿಟ್ಟರೆ ಸುಮಾರು 780 ಲೀಟರ್ ಜಾಗ. ನೀರು ಮಣ್ಣಿಗೆ ಇಂಗುತ್ತಿದ್ದರೆ ಒಬ್ಬರಿಂದ ವರ್ಷಕ್ಕೆ 50 ಲೀಟರಿನಷ್ಟು ಗಟ್ಟಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ, 5 ಜನರಿಗೆ 3 ವರ್ಷ ಬರುತ್ತದೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಜೇಡಿಮಣ್ಣು, ಮೇಲೇ ಇರುವ ಅಂತರ್ಜಲ, ಒಂದೇ ಗುಂಡಿಗೆ ನಾಲ್ಕು ಬಾಡಿಗೆ ಮನೆ, ಜೊತೆಗೆ ಬಚ್ಚಲು ನೀರನ್ನೂ ಅದಕ್ಕೇ ಬಿಟ್ಟರೆ ಕೆಲವೇ ತಿಂಗಳಲ್ಲಿ ತುಂಬಿ ಉಕ್ಕುತ್ತದೆ. ಗುಂಡಿಯ ತಳ ಮಳೆಗಾಲದ ಅಂತರ್ಜಲಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕು, ಬಾವಿಯಿಂದ 30 ಮೀಟರ್ ದೂರವಿರಬೇಕು ಅನ್ನುತ್ತದೆ ಕೈಪಿಡಿ. ಮನೆಗೂ ಮನೆಗೂ ಒಂದು ಮೀಟರ್ ಅಂತರವಿಲ್ಲದ ಕಡೆ 30 ಮೀಟರ್ ಎಲ್ಲಿಂದ ತರುವುದು? ಅಂಥ ಜಾಗದಲ್ಲಿ ಆಳವಿಲ್ಲದ ಬಾವಿಯ ನೀರು ಒಗೆಯಲು ಮಾತ್ರ ಎಂದು ತೀರ್ಮಾನಿಸುವುದೇ ಕ್ಷೇಮ.

ತುಂಬಿದ ಗುಂಡಿ ಖಾಲಿ ಮಾಡುವುದು ಇನ್ನೂ ಕಠಿಣ. ಹೀರುವ ಲಾರಿ ಓಣಿಯೊಳಗೆ ಬರುವುದಿಲ್ಲ, ಅದರ ಪೈಪು ಒಳಗಿನ ಮನೆಗೆ ಮುಟ್ಟುವುದಿಲ್ಲ. ಕಸ, ಬಟ್ಟೆ ಬಿದ್ದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಕೊನೆಗೆ ಮನುಷ್ಯರನ್ನು ಇಳಿಸುತ್ತಾರೆ. ಗುಂಡಿಯ ತಳದಲ್ಲಿ ಕೂಡಿದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದಾಗ ಮೂಗು ಅದರ ವಾಸನೆಯನ್ನೇ ಗುರುತಿಸದಂತಾಗುತ್ತದೆ. ಇಳಿದವನು ಕುಸಿದಾಗ ಎತ್ತಲು ಹೋದ ಎರಡನೆಯವನೂ ಅಲ್ಲೇ ಬೀಳುತ್ತಾನೆ. ಯಾವ ಕಾರಣಕ್ಕೂ ಯಾರನ್ನೂ ಇಳಿಸಬಾರದು. ಸಾರ್ವಜನಿಕ ಶೌಚಾಲಯವಾದರೆ 20 ಜನಕ್ಕೆ ಒಂದು ಎಂಬುದು ವಿಪತ್ತು ಪರಿಹಾರ ಸಂಸ್ಥೆಗಳು ಬಳಸುವ ಸ್ಫಿಯರ್ ಕೈಪಿಡಿಯ ಮಾನದಂಡ, ಆದರೆ ಸಂಖ್ಯೆಗಿಂತ ಹೆಚ್ಚಾಗಿ ಅದನ್ನು ಕೆಡಿಸುವುದು ಒಳಗೆ ನೀರಿಲ್ಲದಿರುವುದು, ಬಾಗಿಲಿಗೆ ಒಳಚಿಲಕವಿಲ್ಲದಿರುವುದು, ದಾರಿಯಲ್ಲಿ ದೀಪವಿಲ್ಲದಿರುವುದು. ಕತ್ತಲಲ್ಲಿ ಹೋಗಬೇಕಾದೀತೆಂದು ಹೆಂಗಸರು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇಷ್ಟು ಸಣ್ಣ ಸಂಗತಿಗಳು ಇಷ್ಟು ದೊಡ್ಡ ನೋವು ಕೊಡುವುದನ್ನು ಕಂಡರೆ ಸಂಕಟವಾಗುತ್ತದೆ.

ಇವೆಲ್ಲಕ್ಕೂ ಒಟ್ಟಿಗೆ ಉತ್ತರ ಕೊಡುವ ಕೆಲಸ ಓಣಿಯ ಒಳಚರಂಡಿ. ಸರ್ಕಾರ ಬಂದು ಮಾಡುವ ತನಕ ಕಾಯದೆ ಜನ ತಾವೇ ಮಾಡಬಹುದು ಎಂದು ತೋರಿಸಿಕೊಟ್ಟದ್ದು ಕರಾಚಿಯ ಅಂಚಿನ ಒರಂಗಿ. ಸಮಾಜ ಕಾರ್ಯಕರ್ತ ಅಖ್ತರ್ ಹಮೀದ್ ಖಾನ್ 1980ರಲ್ಲಿ ಅಲ್ಲಿ ಒರಂಗಿ ಪೈಲಟ್ ಪ್ರಾಜೆಕ್ಟ್ ಶುರು ಮಾಡಿದರು. ಅವರು ಕೆಲಸವನ್ನು ಎರಡು ಪಾಲು ಮಾಡಿದ ರೀತಿಯೇ ಮುಖ್ಯ. ಮನೆಯ ಪಾಯಖಾನೆ, ಓಣಿಯ ಕೊಳವೆ, ಓಣಿಗಳನ್ನು ಕೂಡಿಸುವ ಸಣ್ಣ ಚರಂಡಿ ಜನರ ಪಾಲು, ಅವರದೇ ಖರ್ಚು. ದೊಡ್ಡ ಕಾಲುವೆ, ಶುದ್ಧೀಕರಣ ಘಟಕ ಸರ್ಕಾರದ ಪಾಲು. ಘಟಕವಾಗಿ ಹಿಡಿದದ್ದು 20ರಿಂದ 30 ಮನೆಗಳ ಒಂದು ಓಣಿಯನ್ನು. ಅಷ್ಟು ಮನೆಯವರಿಗೆ ಒಬ್ಬರಿಗೊಬ್ಬರ ಪರಿಚಯವಿರುತ್ತದೆ, ದುಡ್ಡು ಕೊಡದವರ ಮನೆಗೆ ಹೋಗಿ ಕೇಳಬಹುದು. ಇತ್ತ ಬ್ರೆಜಿಲಿನಲ್ಲಿ 1980ರ ದಶಕದಲ್ಲಿ ನಟಾಲ್ ನಗರದ ಸುತ್ತಮುತ್ತ ಎಂಜಿನಿಯರ್‌ಗಳು ದುಬಾರಿ ಒಳಚರಂಡಿಯ ನಿಯಮಗಳನ್ನೇ ತಿದ್ದಿದರು. ಭಾರಿ ವಾಹನ ಓಡಾಡದ ಓಣಿಗೆ ಆಳ ಬೇಡ, 40 ಸೆಂಟಿಮೀಟರ್ ಮಣ್ಣಿನ ಹೊದಿಕೆ ಸಾಕು, 100 ಮಿಲಿಮೀಟರ್ ಪೈಪು ಸಾಕು, 200ಕ್ಕೆ 1ರ ಇಳಿಜಾರು ಸಾಕು. ಆಳ ಕಡಿಮೆಯಾದರೆ ಗುದ್ದಲಿಯಲ್ಲೇ ಅಗೆಯಬಹುದು, ಪಕ್ಕದ ಮನೆಯ ಅಡಿಪಾಯವೂ ಅಲುಗುವುದಿಲ್ಲ.

200ಕ್ಕೆ 1 ಎಂದರೆ ಮೀಟರಿಗೆ 5 ಮಿಲಿಮೀಟರ್. 30 ಮೀಟರಿನ ಓಣಿಗೆ ಒಟ್ಟು 15 ಸೆಂಟಿಮೀಟರ್ ಇಳಿಕೆ. ಇದನ್ನು ಕಣ್ಣಳತೆಯಲ್ಲಿ ಹಿಡಿಯಲು ಆಗುವುದೇ ಇಲ್ಲ. ಸೋಲುವ ಚರಂಡಿಗಳು ಇಲ್ಲೇ ಸೋಲುವುದು. ಉಪಾಯ ಮೇಸ್ತ್ರಿಗಳ ಕೈಯಲ್ಲೇ ಇದೆ: ಪಾರದರ್ಶಕ ಲೆವೆಲ್ ಪೈಪು. ಹತ್ತು ಹದಿನೈದು ಮೀಟರಿನ ಪೈಪಿಗೆ ನೀರು ತುಂಬಿ, ಉದ್ದಕ್ಕೂ ಒಂದು ಗುಳ್ಳೆಯೂ ಉಳಿಯದಂತೆ ತಟ್ಟಿ ತಟ್ಟಿ ಹೊರಗೆ ಕಳಿಸಬೇಕು. ಒಂದು ಗುಳ್ಳೆ ಸಿಕ್ಕಿಕೊಂಡರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ, ಮೀಟರಿಗೆ 5 ಮಿಲಿಮೀಟರಿನ ಕೆಲಸದಲ್ಲಿ ಆ ವ್ಯತ್ಯಾಸವೇ ವಾಟವನ್ನು ತಿರುಗುಮುರುಗು ಮಾಡಿಬಿಡುತ್ತದೆ. ಒಬ್ಬರು ಓಣಿಯ ಈ ತುದಿಯ ಗೋಡೆಗೆ, ಇನ್ನೊಬ್ಬರು ಮುಂದಿನ ಗೋಡೆಗೆ ಪೈಪಿನ ತುದಿ ಹಿಡಿಯಬೇಕು. ತುದಿಗೆ ಒತ್ತಿ ಹಿಡಿದ ಬೆರಳು ತೆಗೆದು, ನೀರು ತೂಗಾಡುವುದು ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗೆರೆ ಹಾಕಬೇಕು. ಹೀಗೆ ಓಣಿಯುದ್ದಕ್ಕೂ ಒಂದೇ ಮಟ್ಟದ ಗೆರೆ ಸಿಕ್ಕಿತು. ಇನ್ನು ಆ ಗೆರೆಯಿಂದ ಕೆಳಗೆ ಅಳೆಯುತ್ತಾ ಹೋಗುವುದು: ಮೇಲಿನ ತುದಿಯಲ್ಲಿ ಪೈಪಿನ ತಳ 150 ಸೆಂಟಿಮೀಟರ್ ಕೆಳಗಿದ್ದರೆ 10 ಮೀಟರ್ ಮುಂದೆ 155, 20 ಮೀಟರಿಗೆ 160, ಕೊನೆಯಲ್ಲಿ 165. ಅಂಕಿಗಳನ್ನು ಗೋಡೆಯ ಮೇಲೆಯೇ ಬರೆದಿಟ್ಟರೆ ಯಾರು ಬೇಕಾದರೂ ಟೇಪು ಹಿಡಿದು ಪರೀಕ್ಷಿಸಬಹುದು.

ಅಗೆತ ಯಾವಾಗಲೂ ತಗ್ಗಿನ ತುದಿಯಿಂದ ಶುರುವಾಗಬೇಕು. ಮೇಲಿನ ತುದಿಯವರು ಉತ್ಸಾಹದಿಂದ ಮೊದಲು ಹಾಕಿಸಿಕೊಂಡರೆ ಅವರ ಕೊಳಚೆ ಕೆಳಗಿನವರ ಬಾಗಿಲಿಗೆ ನಿಲ್ಲುತ್ತದೆ, ಜಗಳ ಅಲ್ಲಿಂದಲೇ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಓಣಿಯ ಕೊನೆಯಲ್ಲಿ ಸೇರುವ ದೊಡ್ಡ ಚರಂಡಿಯ ತಳ ನಮ್ಮ ಪೈಪಿಗಿಂತ ಕೆಳಗಿದೆಯೇ? ಮಳೆಯಲ್ಲಿ ಅದು ತುಂಬಿದಾಗ ನೀರಿನ ಮಟ್ಟ ಎಲ್ಲಿಗೆ ಏರುತ್ತದೆ? ಹಳೆಯ ಗೋಡೆಗಳ ಮೇಲಿನ ನೀರಿನ ಕಲೆ ಇದನ್ನು ಹೇಳುತ್ತದೆ. ಮಟ್ಟ ಪೈಪಿಗಿಂತ ಮೇಲೆ ಬರುವುದಾದರೆ ಎಲ್ಲರ ಪಾಯಖಾನೆಯೂ ಮಳೆಗಾಲದಲ್ಲಿ ಉಲ್ಟಾ ಹೊಡೆಯುತ್ತದೆ. ಆಗ ಓಣಿಯವರು ಎಷ್ಟೇ ಚೆನ್ನಾಗಿ ಮಾಡಿದರೂ ಪ್ರಯೋಜನವಿಲ್ಲ, ದೊಡ್ಡ ಚರಂಡಿಯ ಹೂಳೆತ್ತಿಸುವ ಒತ್ತಾಯವೇ ಮೊದಲ ಕೆಲಸ.

ಪ್ರತಿ ಮನೆಯ ಮುಂದೆ ಓಣಿಯ ಪೈಪಿಗೆ ಸೇರುವ ಮೊದಲು ಒಂದು ಸಣ್ಣ ತೊಟ್ಟಿ ಇರಲಿ. ಪಾತ್ರೆ ತಿಕ್ಕಿದ ಬೂದಿ, ಮರಳು, ಅನ್ನದ ಅಗುಳು ಅಲ್ಲೇ ತಳಕ್ಕೆ ಕೂರುತ್ತದೆ. ಎತ್ತಿ ಹಾಕುವ ಹೊಣೆ ಆ ಮನೆಯವರದು. ಒರಂಗಿಯಲ್ಲೂ ಪಾಯಖಾನೆಗೂ ಓಣಿಯ ಪೈಪಿಗೂ ನಡುವೆ ಇಂಥ ತೊಟ್ಟಿ ಇತ್ತು. ಪೈಪು ತಿರುಗುವ ಕಡೆ, ಎರಡು ಸೇರುವ ಕಡೆ, ನೇರವಿದ್ದರೂ 20 ಮೀಟರಿಗೊಂದು ಚೇಂಬರ್ ಬೇಕು. ಚೇಂಬರಿನ ತಳ ಚಪ್ಪಟೆಯಾಗಿದ್ದರೆ ಮಲ ಹರಡಿ ಒಣಗುತ್ತದೆ, ಅದಕ್ಕೆ ಪೈಪಿನ ಅರ್ಧವೃತ್ತದ ಆಕಾರದಲ್ಲೇ ಗಾರೆಯಲ್ಲಿ ಕಾಲುವೆ ತಿದ್ದಬೇಕು. ಮುಚ್ಚಳ ಇಬ್ಬರು ಎತ್ತುವಷ್ಟು ಭಾರವಿರಲಿ. ಹಗುರವಾಗಿದ್ದರೆ ಮಳೆ ಬಂದಾಗ ಅಂಗಳದ ನೀರು ಹೋಗಲೆಂದು ಯಾರೋ ತೆರೆದಿಡುತ್ತಾರೆ, ಮಣ್ಣು ಪ್ಲಾಸ್ಟಿಕ್ಕು ಎಲ್ಲ ಒಳಗೆ ಹೋಗಿ ಪೈಪು ಕಟ್ಟುತ್ತದೆ. 100 ಮಿಲಿಮೀಟರ್ ಪೈಪು ಮನೆಯ ಕೊಳಚೆಗೆ ಸಾಕು, ಮಳೆನೀರಿಗೆ ಖಂಡಿತ ಸಾಲದು. ಮಳೆನೀರು ಓಣಿಯ ಮೇಲ್ಮೈಯಲ್ಲೇ ಹರಿಯಲಿ. ಕಾಂಕ್ರೀಟ್ ಹಾಸುವಾಗ ನಡುವೆ ಸ್ವಲ್ಪ ತಗ್ಗು ಕೊಟ್ಟರೆ ಓಣಿಯೇ ಮಳೆಯ ಕಾಲುವೆಯಾಗುತ್ತದೆ. ಹಾಸಿದ ಕಾಂಕ್ರೀಟಿಗೆ ಒಂದು ವಾರ ಒದ್ದೆ ಗೋಣಿ ಹೊದಿಸಿಡಬೇಕು. ನೀರನ್ನು ಕ್ಯಾನಿನಲ್ಲಿ ಹೊತ್ತು ತರುವ ಕಡೆ ಮೊದಲು ಕೈಬಿಡುವುದು ಇದನ್ನೇ, ಆಮೇಲೆ ವರ್ಷದೊಳಗೆ ಪುಡಿ ಏಳುತ್ತದೆ.

ಓಣಿಯ ಮಟ್ಟದ ಬಗ್ಗೆ ಇನ್ನೊಂದು ಎಚ್ಚರಿಕೆ. ಕೆಸರಾದಾಗಲೆಲ್ಲ ಕಟ್ಟಡದ ಅವಶೇಷ ತಂದು ಸುರಿಯುವುದು ರೂಢಿ. ಪ್ರತಿ ಸಲ ಓಣಿ ನಾಲ್ಕು ಬೆರಳು ಏರುತ್ತದೆ, ಮನೆಯ ನೆಲ ಇದ್ದಲ್ಲೇ ಇರುತ್ತದೆ. ಕೆಲವು ವರ್ಷಗಳಲ್ಲಿ ಬಾಗಿಲಿನಿಂದ ಕೆಳಕ್ಕೆ ಇಳಿದು ಮನೆಯೊಳಗೆ ಹೋಗಬೇಕಾಗುತ್ತದೆ, ಮಳೆನೀರೂ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಓಣಿಯ ಕೊನೆಯ ಮಟ್ಟ ನಿಗದಿಯಾದ ಮೇಲಷ್ಟೇ ಮನೆಯ ನೆಲವನ್ನು ಅದಕ್ಕಿಂತ ಮೇಲಕ್ಕೆ ಎತ್ತುವುದರಲ್ಲಿ ಅರ್ಥವಿದೆ. ಮನೆಗಿಂತ ಓಣಿ ಮೊದಲು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಕಾರಣ ಬೇಕಿಲ್ಲ.

ಮಾಡಿನ ಬಿಸಿಗೆ ಕೈಗೆಟಕುವ ಪರಿಹಾರಗಳಿವೆ. ತುಕ್ಕು ಹಿಡಿದ ತಗಡಿಗೆ ಬಿಳಿ ಬಣ್ಣ ಬಳಿದರೆ ಹೀರುವ ಬಿಸಿಲು ಕಡಿಮೆಯಾಗುತ್ತದೆ. ಒಳಗೆ ಚಾಪೆಯನ್ನೋ ಪ್ಲೈವುಡ್ಡನ್ನೋ ತಗಡಿನಿಂದ ಒಂದು ಗೇಣು ಕೆಳಗೆ ಕಟ್ಟಿ, ಆ ಸಂದಿನ ಎರಡೂ ತುದಿ ಗಾಳಿಗೆ ತೆರೆದಿಡಬೇಕು. ತುದಿ ಮುಚ್ಚಿದರೆ ಬಿಸಿಗಾಳಿ ಅಲ್ಲೇ ನಿಲ್ಲುತ್ತದೆ. ಕಲ್ನಾರು ಬೆರೆತ ಹಳೆಯ ಸಿಮೆಂಟ್ ಶೀಟನ್ನು ಮಾತ್ರ ಕೊರೆಯುವುದು, ಒಡೆಯುವುದು ಬೇಡ, ಆ ಧೂಳು ಶ್ವಾಸಕೋಶಕ್ಕೆ ವಿಷ.

ಕರೆಂಟಿನ ಅಪಾಯ ಹೆಚ್ಚಾಗಿ ಜಾಯಿಂಟುಗಳಲ್ಲಿದೆ. ಒಂದೇ ಮೀಟರಿನಿಂದ ಹತ್ತು ಮನೆಗೆ ತೆಳು ವೈರು ಹೋದಾಗ, ಬರೀ ತಿರುಚಿ ಟೇಪು ಸುತ್ತಿದ ಜಾಗ ಬಿಸಿಯಾಗುತ್ತದೆ, ಟೇಪು ಕರಗುತ್ತದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಫ್ಯೂಸು ಹೋಗುತ್ತದೆಂದು ದಪ್ಪ ತಂತಿ ಕಟ್ಟಿದರೆ ತಡೆಯುವವರೇ ಇಲ್ಲ. ವೈರು ತಗಡಿನ ಗೋಡೆ ತೂರುವಲ್ಲಿ ಶೀಟಿನ ಅಂಚು ಗಾಳಿಗೆ ಅಲುಗಿ ಹೊದಿಕೆಯನ್ನು ಕೊಯ್ಯುತ್ತದೆ, ಒಂದು ದಿನ ಇಡೀ ಗೋಡೆಗೇ ಕರೆಂಟು. ಗೇಣುದ್ದ ಪ್ಲಾಸ್ಟಿಕ್ ಪೈಪಿನೊಳಗೆ ವೈರು ತೂರಿಸಿದರೆ ಇದು ತಪ್ಪುತ್ತದೆ. ಸರಿಯಾದ ಅರ್ಥಿಂಗ್ ಮತ್ತು ಮೀಟರ್ ಬಳಿ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿನ ಬ್ರೇಕರ್ ಇದ್ದರೆ ಜೀವ ಉಳಿಯುತ್ತದೆ. ಬೆಂಕಿಯ ವಿಷಯದಲ್ಲೂ ಉತ್ತರ ಓಣಿಯೇ. ಕೇಪ್‌ಟೌನಿನ ಇಮಿಜಾಮೊ ಯೆತು ಎಂಬ ವಸತಿಯಲ್ಲಿ 2017ರ ಮಾರ್ಚ್‌ನಲ್ಲಿ 2 ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ದಕ್ಷಿಣ ಆಫ್ರಿಕಾದ ಕೆಲವು ವಸತಿಗಳಲ್ಲಿ ನಿವಾಸಿಗಳೇ ನಕ್ಷೆ ಹಾಕಿ, ಮನೆಗಳನ್ನು ಬಿಚ್ಚಿ ಹೊಸ ಸಾಲುಗಳಲ್ಲಿ ನಿಲ್ಲಿಸಿ, ನಡುವೆ ದಾರಿ ಮತ್ತು ಅಂಗಳ ಬಿಡಿಸಿಕೊಂಡಿದ್ದಾರೆ. ಯಾರೂ ಊರು ಬಿಡಬೇಕಾಗಿಲ್ಲ, ಆದರೆ ಪ್ರತಿ ಮನೆಯೂ ಒಂದಿಷ್ಟು ಜರುಗಬೇಕು.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಮಾಡಿಕೊಳ್ಳುವುದಿಲ್ಲ ಎಂದು ಕೇಳುವವರಿದ್ದಾರೆ. ನಾಳೆ ಬುಲ್ಡೋಜರ್ ಬರಬಹುದು ಎಂದಿರುವಾಗ ತಗಡೇ ಜಾಣತನದ ಆಯ್ಕೆ, ಅದನ್ನು ಬಿಚ್ಚಿ ಒಯ್ಯಬಹುದು. ಗಾರೆಯ ಗೋಡೆ ಒಯ್ಯಲಾಗದು. ಭರವಸೆ ಬಂದಲ್ಲಿ ಜನ ತಾವೇ ಕಟ್ಟುತ್ತಾರೆ. ಜಕಾರ್ತದಲ್ಲಿ 1969ರಲ್ಲಿ ಶುರುವಾದ ಕಾಂಪುಂಗ್ (ಅಂದರೆ ಅಲ್ಲಿನ ಬಡವರ ಕೇರಿ) ಸುಧಾರಣಾ ಕಾರ್ಯಕ್ರಮ ಮನೆಗಳನ್ನು ಮುಟ್ಟಲೇ ಇಲ್ಲ. ಕಾಲುದಾರಿ, ಚರಂಡಿ, ನೀರು ಮುಂತಾದವನ್ನು ಕೊಟ್ಟಿತು. ಇನ್ನು ನಮ್ಮನ್ನು ಎಬ್ಬಿಸಲಾರರು ಎಂದು ಅರ್ಥ ಮಾಡಿಕೊಂಡವರು ಮನೆಗಳನ್ನು ತಾವೇ ಗಟ್ಟಿ ಮಾಡಿಕೊಂಡರು. ಪೆರು ದೇಶದ ಲಿಮಾದ ಹೊರಗಿನ ಮರಳುಗಾಡಿನಲ್ಲಿ 1971ರಲ್ಲಿ ಹುಟ್ಟಿದ ವಿಲ್ಲಾ ಎಲ್ ಸಾಲ್ವಡೋರ್ ಚಾಪೆಯ ಗುಡಿಸಲುಗಳಿಂದ ಆರಂಭವಾದರೂ ಬೀದಿಗಳ ನಕ್ಷೆ ಮೊದಲೇ ಗೆರೆ ಕೊರೆದಂತೆ ಇತ್ತು. ನೀರು, ಕರೆಂಟು ತಡವಾಗಿ ಬಂದಾಗ ಅವನ್ನು ಹಾಯಿಸಲು ಯಾರ ಮನೆಯನ್ನೂ ಒಡೆಯಬೇಕಾಗಲಿಲ್ಲ.

ಓಣಿ ಸರಿಯಾದ ಮೇಲೆ ಬರುವ ಒಂದು ಪೆಟ್ಟನ್ನು ಮಾತ್ರ ಯೋಜನೆಗಳು ಮರೆಯುತ್ತವೆ. ಬಾಡಿಗೆ ಏರುತ್ತದೆ. ಇಂಥ ವಸತಿಗಳಲ್ಲಿ ಬಾಡಿಗೆದಾರರೂ ಬಹಳ ಜನ, ಮೋರಿ ಬಂದ ಸಂತೋಷಕ್ಕೆ ಅವರೇ ಇನ್ನೂ ದೂರದ ತಗ್ಗಿಗೆ ಸಾಗಬೇಕಾಗುತ್ತದೆ. ಥಾಯ್ಲೆಂಡಿನ ಬಾನ್ ಮಂಕಾಂಗ್ ಕಾರ್ಯಕ್ರಮ 2003ರಿಂದ ಸಾಲವನ್ನೂ ಜಮೀನನ್ನೂ ಒಬ್ಬೊಬ್ಬರಿಗೆ ಬದಲು ನಿವಾಸಿಗಳ ಸಹಕಾರ ಸಂಘಕ್ಕೆ ಕೊಡುವ ದಾರಿ ಹಿಡಿಯಿತು. ಒಬ್ಬರು ಮಾರಿ ಹೋಗುವುದಕ್ಕೆ ಅದು ತಡೆ. ಆದರೆ ಸಂಘದ ಸದಸ್ಯರ ಪಟ್ಟಿ ಮಾಡುವ ದಿನ ಬಾಡಿಗೆ ಮನೆಗಳ ಬಾಗಿಲನ್ನೂ ತಟ್ಟಬೇಕು. ಹೆಸರು, ಎಷ್ಟು ವರ್ಷದಿಂದ ಇದ್ದಾರೆ, ಈಗಿನ ಬಾಡಿಗೆ ಎಷ್ಟು, ಕೆಲಸ ಮುಗಿದ ಮೇಲೆ ಎಷ್ಟು ವರ್ಷ ಅದನ್ನು ಏರಿಸುವಂತಿಲ್ಲ ಎಂಬುದನ್ನು ಮಾಲೀಕರ ಸಹಿಯೊಂದಿಗೆ ಬರೆಸಿಕೊಳ್ಳಬೇಕು, ಅದೂ ಗುದ್ದಲಿ ಬೀಳುವ ಮೊದಲು. ಪೈಪು ಹಾಕಿ ಮುಗಿದ ಮೇಲೆ ಆ ಸಹಿ ಯಾರೂ ಹಾಕುವುದಿಲ್ಲ.